ಕೆಂಪೆಲೆ ಗಿಡಕ್ಕೆ ಅರ್ಧ ನ್ಯಾಯ

ನಮ್ಮ ದರ್ಜಿಗೆ ಸಂಸಾರದ ಮೇಲೆ ಇದ್ದದ್ದು ಒಂದೇ ದೂರು. ಮದುವೆಯಾದಂದಿನಿಂದ ಅವನಿಗೆ ಪೂರ್ತಿ ನ್ಯಾಯ ಸಿಕ್ಕಿದ್ದೇ ಇಲ್ಲ. ಸಿಕ್ಕಿದ್ದೆಲ್ಲ ಅರ್ಧ.

ಆ ಅರ್ಧವನ್ನು ದಯಪಾಲಿಸುತ್ತಿದ್ದವಳು ಅವನ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ. ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಳು. ಗಂಡಹೆಂಡಿರ ಜಗಳ ಕಾವೇರುತ್ತಲೇ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವಳನ್ನು ಕರೆತರುತ್ತಿದ್ದಳು. ನ್ಯಾಯಾಧೀಶೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಆಸೀನಳಾಗಿ, ಕಣ್ಣು ಮುಚ್ಚಿ ಎರಡೂ ಕಡೆಯ ವಾದ ಆಲಿಸಿ (ನಿದ್ದೆ ಹೊಡೆಯುತ್ತಿದ್ದಳೆಂದು ದರ್ಜಿಯ ಗುಮಾನಿ) ತೀರ್ಪು ಕೊಡುತ್ತಿದ್ದಳು: "ಅರ್ಧ ಅವರ ಮಾತು, ಅರ್ಧ ನಿನ್ನ ಮಾತು. ಮುಗೀತು. ಟೀ ಇಡು."

ಕಿಟಕಿ ಪರದೆಯ ಮೊಕದ್ದಮೆಯೂ ಹೀಗೇ ಇತ್ಯರ್ಥವಾಗಿತ್ತು. ಅವನಿಗೆ ತೆಳು ಬಟ್ಟೆಯ ಉದ್ದ ಪರದೆ ಬೇಕು, ಅವಳಿಗೆ ದಪ್ಪ ಬಟ್ಟೆಯ ಗಿಡ್ಡ ಪರದೆ ಬೇಕು. ಬಟ್ಟೆ ಅವಳದು, ಉದ್ದ ಅವನದು ಎಂದು ತೀರ್ಪಾಯಿತು. ಕಂಬಳಿಯಂಥ ಪರದೆ ನೆಲದವರೆಗೂ ಇಳಿಬಿತ್ತು. ಅಂದಿನಿಂದ ದರ್ಜಿ ಮಟಮಟ ಮಧ್ಯಾಹ್ನದಲ್ಲೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸುತ್ತಾನೆ. "ಅಕ್ಕತಂಗಿ ಸೇರಿ ನನ್ನನ್ನ ಕುರುಡು ಮಾಡಿದ್ರು" ಎಂದು ಗಿರಾಕಿಗಳ ಮುಂದೆ ಗೊಣಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ಅತ್ತಿಗೆ ಹೋಗಿಬಿಟ್ಟಳು. ಜ್ವರ ಅಂದಳು, ಮಲಗಿದಳು, ಏಳಲಿಲ್ಲ. ಆಗ ಶಾಲೆಗಳು ತೆರೆಯುವ ಸಮಯ, ಸಮವಸ್ತ್ರದ ರಾಶಿ ಸೂರು ಮುಟ್ಟಿತ್ತು. ದರ್ಜಿ "ಪಾಪ, ಒಳ್ಳೆಯವರು" ಅಂದು ಮತ್ತೆ ಯಂತ್ರ ತುಳಿದ. ಕಣ್ಣೀರು ಬರಲಿಲ್ಲ. ಆದರೆ ಹೆಂಡತಿ ಮಾತು ಬಿಟ್ಟಳು. ಜಗಳ ಬಿಟ್ಟಳು. ಉಪ್ಪು ಜಾಸ್ತಿಯಾಗಿದೆ ಅಂದರೆ "ಹೌದಾ" ಅನ್ನುತ್ತಿದ್ದಳು, ಅಷ್ಟೇ. ಇಷ್ಟು ವರ್ಷ ಮನೆಯಲ್ಲಿ ಶಾಂತಿ ಬೇಡಿದ್ದ ದರ್ಜಿಗೆ ಶಾಂತಿ ಸಿಕ್ಕಾಗ ಊಟವೇ ಸೇರಲಿಲ್ಲ.

ಅಕ್ಕನ ಕೋಣೆ ಖಾಲಿ ಮಾಡುವಾಗ ಅವಳು ತಂದುಕೊಂಡದ್ದು ಒಂದೇ ವಸ್ತು: ಅಂಗೈಯಗಲದ ಕುಂಡದಲ್ಲಿದ್ದ ಕೆಂಪೆಲೆ ಗಿಡ. ಮಣ್ಣಾದರೆ ಕೋಣೆಯೆಲ್ಲ ಗಲೀಜು ಎಂದು ಅತ್ತಿಗೆ ಅದನ್ನು ತೆಂಗಿನ ನಾರಿನ ಪುಡಿಯಲ್ಲೇ ಬೆಳೆಸಿದ್ದಳು. ದಿನಾ ಬೆಳಿಗ್ಗೆ ಒಂದಿಷ್ಟು ನೀರು ಹಾಕಿ ಅದರ ಜೊತೆ ಮಾತಾಡುತ್ತಿದ್ದಳಂತೆ. ಈಗ ಹೆಂಡತಿಯೂ ಮಾತಾಡುತ್ತಿದ್ದುದು ಅದರ ಜೊತೆ ಮಾತ್ರ. ಅದೊಂದು ಬದುಕಿದ್ದರೆ ಅಕ್ಕ ಪೂರ್ತಿ ಹೋಗಿಲ್ಲ ಎಂದು ಅವಳ ಲೆಕ್ಕ.

ಒಂದು ದಿನ ಅವಳಾಗಿಯೇ ಬಾಯಿ ಬಿಟ್ಟಳು. "ರೀ, ಬೇರು ಕುಂಡದ ತಳದಿಂದ ಹೊರಗೆ ಬಂದಿದೆ. ಒಂಚೂರು ದೊಡ್ಡ ಕುಂಡ ಬೇಕು."

ದರ್ಜಿಗೆ ಹೋದ ಜೀವ ಬಂದಂತಾಯಿತು. "ಒಂಚೂರು ಯಾಕೆ? ಬೆಳೆಯೋ ಮೈಗೆ ಬಿಗಿ ಬಟ್ಟೆ ಹೊಲಿಯೋನಲ್ಲ ನಾನು!" (ಅವನು ಹೊಲಿದ ಸಮವಸ್ತ್ರ ತೊಟ್ಟ ಮಕ್ಕಳಿಗೆ ಶಾಲೆ ಬಿಡುವ ಹೊತ್ತಿಗೆ ತೋಳು ಸರಿಹೋಗುತ್ತಿತ್ತು. ಶಾಲೆ ಬಿಡುವ ಹೊತ್ತು ಎಂದರೆ ಹತ್ತನೇ ತರಗತಿ.) ಅಂಗಡಿಯಿಂದ ನಾರಿನ ಪುಡಿಯನ್ನು ಒತ್ತಿ ಮಾಡಿದ ಒಣ ಇಟ್ಟಿಗೆ ತಂದು ಬಕೆಟ್ಟಿನಲ್ಲಿ ನೆನೆಹಾಕಿದ. ಅದು ಉಬ್ಬಿತು, ಉಬ್ಬಿತು, ಬಕೆಟ್ಟಿನ ಅಂಚು ದಾಟಿ ನೆಲಕ್ಕಿಳಿಯಿತು. ಬಟ್ಟೆ ನೆನೆಸುವ ಟಬ್ಬಿಗೆ ತೂತು ಕೊರೆದು ಎಲ್ಲವನ್ನೂ ಸುರಿದ.

"ಇದೇನ್ರೀ ಇದು? ಇದರಲ್ಲಿ ಎಮ್ಮೆ ಮೀಯಬಹುದು!"

"ಇಷ್ಟೊಂದು ಉಬ್ಬಿದ್ಯಲ್ಲೇ, ಎಲ್ಲಿಗೆ ಹಾಕಲಿ?"

"ಉಬ್ಬಿದ್ದನ್ನೆಲ್ಲ ತುಂಬಲೇಬೇಕು ಅಂತ ಯಾರು ಹೇಳಿದ್ರು? ಚಿಕ್ಕ ಕುಂಡ, ದಿನಾ ನೀರು. ಅಕ್ಕ ಮಾಡ್ತಿದ್ದದ್ದು ಹಾಗೆ."

"ದೊಡ್ಡ ಟಬ್ಬು, ವಾರಕ್ಕೊಂದು ಸಲ ನೀರು. ನಾನು ಹೇಳೋದು ಹೀಗೆ!"

ಆಹಾ, ಜಗಳ! ದರ್ಜಿ ತೋಳು ಮಡಿಸಿದ. ಹೆಂಡತಿ ಅಭ್ಯಾಸಬಲದಿಂದ ಚಪ್ಪಲಿಗೆ ಕಾಲು ಹಾಕಿದಳು. ಹಾಕಿ ಅಲ್ಲೇ ನಿಂತಳು. ಇಬ್ಬರೂ ಸ್ಟೂಲಿನ ಕಡೆ ನೋಡಿದರು. ಅದರ ಮೇಲೆ ಗುಂಡಿಗಳ ಡಬ್ಬಿ ಇತ್ತು.

"ಅವಳಿದ್ದಿದ್ರೆ ಅರ್ಧ ಅರ್ಧ ಅಂತಿದ್ಲು" ಎಂದಳು ಅವಳು, ಸೋತ ದನಿಯಲ್ಲಿ.

ಹಾಗೇ ಆಯಿತು. ಅಳತೆ ಅವನದು, ನೀರು ಅವಳದು. ಆ ಪುಟ್ಟ ಗಿಡ ದೊಡ್ಡ ಟಬ್ಬಿನ ನಡುವೆ ಒಂಟಿಯಾಗಿ ಕೂತಿತು. ಅವಳು ದಿನಾ ಬೆಳಿಗ್ಗೆ ನೀರು ಹಾಕಿದಳು, ಟಬ್ಬಿಗೆ ತಕ್ಕಂತೆ ಚೊಂಬಿನ ತುಂಬಾ. ಹೊರಗೆ ಮೋಡ, ಒಳಗೆ ಆ ಐತಿಹಾಸಿಕ ಪರದೆ. ಒಣಗಲು ದಾರಿಯೇ ಇಲ್ಲ. ಆದರೆ ಪುಡಿಯ ಮೇಲ್ಪದರ ಮಾತ್ರ ತಿಳಿ ಕಂದಾಗಿ, ಒಣಗಿದಂತೆ ಕಾಣುತ್ತಿತ್ತು. ಎಲೆಗಳು ಜೋಲತೊಡಗಿದವು. "ಬಾಯಾರಿಕೆ ಅದಕ್ಕೆ" ಎಂದು ಅವಳು ಸಂಜೆಯೂ ಒಂದು ಚೊಂಬು ಹಾಕಿದಳು. ಅವಳ ಕಣ್ತಪ್ಪಿಸಿ ದರ್ಜಿಯೂ ಒಂದು ಹಾಕಿದ. ಅವನ ಅಳತೆ ಸೋಲಬಾರದಲ್ಲ!

ಕೊನೆಗೊಂದು ಬೆಳಿಗ್ಗೆ ಗಿಡ ಪಕ್ಕಕ್ಕೆ ಒರಗಿತ್ತು. ಹೆಂಡತಿ ಬೆರಳು ಚುಚ್ಚಿ ನೋಡಿದಳು. ಒಳಗೆಲ್ಲ ರೊಜ್ಜು, ಕೊಳೆತ ವಾಸನೆ. ಹಿಡಿದೆತ್ತಿದರೆ ಬೇರು ಕಂದು ದಾರದಂತೆ ಕೈಗೆ ಬಂತು.

"ಚಿಕ್ಕ ಕುಂಡಕ್ಕೆ ದಿನಾ ನೀರು ಸರಿ ಇತ್ತು" ಎಂದಳು ಅವಳು ನಿಧಾನವಾಗಿ. "ನಿಮ್ಮ ಟಬ್ಬಿಗೆ ವಾರಕ್ಕೊಂದು ಸಲಾನೂ ಸರಿ ಹೋಗ್ತಿತ್ತೇನೋ. ಎರಡರ ಅರ್ಧ ಅರ್ಧ ಸೇರಿಸಿ ಅಕ್ಕನ ಗಿಡ ಕೊಂದ್ವಿ."

ಆಮೇಲೆ ದನಿ ಏರಿತು. ಟಬ್ಬಿನಿಂದ ಶುರುವಾಗಿ, ಪರದೆಗೆ ಹೋಗಿ, ಮದುವೆಯ ದಿನ ಅವನು ತೊಟ್ಟಿದ್ದ ದೊಗಳೆ ಕೋಟಿನವರೆಗೂ ಹೋಯಿತು. ದರ್ಜಿ ತಲೆ ತಗ್ಗಿಸಿ ಕೇಳಿದ, ಒಳಗೊಳಗೇ ಹಿಗ್ಗಿದ. ಅವಳು ಬೈಯುತ್ತಲೇ ಗಿಡದ ತುದಿಯಲ್ಲಿ ಉಳಿದಿದ್ದ ಹಸಿ ಕುಡಿಯೊಂದನ್ನು ಕತ್ತರಿಸಿ, ಅಕ್ಕನ ಹಳೆಯ ಕುಂಡಕ್ಕೆ ಊರಿ, ಪರದೆಯನ್ನು ಸರಕ್ಕನೆ ಪಕ್ಕಕ್ಕೆಳೆದು ಕಿಟಕಿಯಲ್ಲಿಟ್ಟಳು.

ಕೋಪ ಇಳಿಯಿತೆಂದುಕೊಂಡು ದರ್ಜಿ ಉದಾರವಾಗಿ ಹೇಳಿದ: "ಆಗಿದ್ದಾಯ್ತು ಬಿಡೇ. ತಪ್ಪು ಅರ್ಧ ನಂದು, ಅರ್ಧ ನಿಂದು."

"ಇಲ್ಲ. ಪೂರ್ತಿ ನಿಮ್ದು."

"ಅದ್ಹೇಗೆ? ನಿನ್ನ ಅಕ್ಕನೇ ಆಗಿದ್ರೆ..."

"ಅಕ್ಕ ಆಗಿದ್ದಕ್ಕೆ ಅರ್ಧ ಸಿಕ್ತಿತ್ತು ನಿಮ್ಗೆ! ಪ್ರತಿ ಸಲ ಅಡುಗೆಮನೆಗೆ ಬಂದು ನನ್ನ ಕೈ ಹಿಡ್ಕೊಂಡು ಬೇಡ್ಕೊಳ್ತಿದ್ಲು. 'ಅವರದ್ದೇ ತಪ್ಪು ಕಣೇ, ಆದ್ರೂ ಅರ್ಧ ಬಿಟ್ಕೊಡು, ಪಾಪ, ಬೆಳಿಗ್ಗೆಯಿಂದ ಯಂತ್ರ ತುಳೀತಾರೆ' ಅಂತ. ಇನ್ನು ನಿಮ್ಮ ಪರವಾಗಿ ಬೇಡ್ಕೊಳ್ಳೋರು ಯಾರಿದ್ದಾರೆ?"

ದರ್ಜಿ ಸ್ಟೂಲಿನ ಕಡೆ ತಿರುಗಿದ. ಇಷ್ಟು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದವಳು ಎದುರು ಪಕ್ಷದವಳಲ್ಲ, ಅವನ ಏಕೈಕ ವಕೀಲೆ. ಅವಳು ಸತ್ತಾಗ ಅವನು ಕಾಲರು ಹೊಲಿಯುತ್ತ ಕೂತಿದ್ದ. ಸ್ಟೂಲಿನ ಮೇಲಿದ್ದ ಗುಂಡಿಗಳ ಡಬ್ಬಿಯನ್ನು ತೆಗೆದು ಕೆಳಗಿಟ್ಟ. ಆಮೇಲೆ ಅಳತೆ ಪಟ್ಟಿಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಮಕ್ಕಳಂತೆ ಅತ್ತ.

ಹೆಂಡತಿ ಒಳಗೆ ಹೋದಳು. ಬಂದು ಅವನ ಮುಂದೆ ಟೀ ಇಟ್ಟಳು. ಲೋಟದಲ್ಲಿ ಇದ್ದದ್ದು ಅರ್ಧ. ಉಳಿದರ್ಧ ಎಲ್ಲಿ ಎಂದು ಅವನು ಕೇಳಲಿಲ್ಲ.