ತೈಸ್ತೊನ ಕಾರು ಬಿಟ್ಟ ನೀಲಿ ಹೊಗೆ

ಹೆಂಡತಿ ಬುಸುಗುಟ್ಟಿದರೆ ಹೆದರದ ತೈಸ್ತೊ, ಕಾರು ಬುಸುಗುಟ್ಟಿದ ದಿನ ನಿಜವಾಗಿ ಹೆದರಿದ. ಜನವರಿಯ ಬೆಳಗು, ಅಂಗಳದ ತುಂಬ ಹಿಮ. ಎಂಜಿನ್ನಿಗೆ ಹೀಟರಿನ ತಂತಿ ಸಿಕ್ಕಿಸಿ ಬೆಚ್ಚಗೆ ಮಲಗಿಸಿದ್ದ (ಅವನ ಹಾಸಿಗೆಗೆ ಆ ಭಾಗ್ಯ ಇರಲಿಲ್ಲ). ಕೀಲಿ ತಿರುಗಿಸಿದೊಡನೆ ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಅಂಥ ಚಳಿಯಲ್ಲಿ ಬಿಳಿ ಹೊಗೆ ಎಲ್ಲ ಕಾರಿಗೂ ಬರುತ್ತದೆ, ಮನುಷ್ಯರ ಬಾಯಿಂದಲೂ ಬರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಎಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲಲಿಲ್ಲ. ಅದಕ್ಕೆ ಸ್ವಲ್ಪ ನೀಲಿ ಬಣ್ಣ ಬೇರೆ ಬಂದಿತ್ತು.

ಅದು ಅಂತಿಂಥ ಕಾರಲ್ಲ. ಮದುವೆಯಾದ ಮರುವರ್ಷ ಕೊಂಡದ್ದು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಇಡೀ ಈಸಾಲ್ಮಿ ಊರಿನಲ್ಲಿ ತೈಸ್ತೊನ ಮಾತನ್ನು ಎದುರಾಡದೆ ಕೇಳುವ ಜೀವ ಅದೊಂದೇ. ಪ್ರತಿ ಶನಿವಾರ ತಾನು ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬೆವರಲು ಹೋಗುವ ಮೊದಲು ಅದಕ್ಕೆ ಒಂದಿಷ್ಟು ಎಣ್ಣೆ ಹುಯ್ಯುತ್ತಿದ್ದ. ಅಳತೆ ಕಡ್ಡಿಯ ಗುರುತು ದಾಟಿದರೂ ಹುಯ್ಯುತ್ತಿದ್ದ. ನೆಂಟರು ಸಾಕು ಸಾಕು ಎಂದರೂ ಬಡಿಸುವುದಿಲ್ಲವೆ, ಅದೇ ಪ್ರೀತಿ.

ಇನ್ನು ಹೆಂಡತಿ ಇರ್ಮೆಲಿಗೆ ಆ ಕಾರಿನ ವಿಷಯದಲ್ಲಿ ಒಂದೇ ಕಟ್ಟಪ್ಪಣೆ. ಹೊಸದರಲ್ಲಿ ಒಮ್ಮೆ ಅವಳು ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡುವಾಗ ಆಕ್ಸಿಲರೇಟರ್ ಒತ್ತಿದ್ದಳು. ತೈಸ್ತೊ ಎರಡು ದಿನ ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಎಂದೂ ಮಾತಾಡಲಿಲ್ಲ. ಮೂರನೆಯ ದಿನ ಬಾಯಿಬಿಟ್ಟು, "ನಾನು ಹೇಳೋ ತನಕ ಆ ಪೆಡಲ್ ಮುಟ್ಟಬೇಡ" ಎಂದ. ಆವತ್ತಿನಿಂದ ಅವಳು ಪೆಡಲನ್ನೂ ಮುಟ್ಟಲಿಲ್ಲ, ಆ ಕಾರನ್ನೂ ಓಡಿಸಲಿಲ್ಲ. ಮನೆಯಲ್ಲಿ ಶಾಂತಿ ನೆಲೆಸಿತು.

ಈಗ ಆ ಕಾರಿನ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಮುಂದಿನ ವಾರ ಕಾರಿನ ವಾರ್ಷಿಕ ತಪಾಸಣೆ. ತಪಾಸಣೆ ಮಾಡುವವನು ಇರ್ಮೆಲಿಯ ದೊಡ್ಡಪ್ಪನ ಮಗ. ಕ್ರಿಸ್‌ಮಸ್ ಊಟದಲ್ಲಿ ಅವನೆದುರೇ ತೈಸ್ತೊ, ಈ ಎಂಜಿನ್ ನನ್ನನ್ನು ಮಣ್ಣು ಮಾಡಿಯೇ ನಿಲ್ಲುವುದು ಎಂದು ಜಂಬ ಕೊಚ್ಚಿದ್ದ. ಕಿಟಕಿಯಿಂದ ಹೊಗೆ ನೋಡಿದ ಇರ್ಮೆಲಿ ಕಾಫಿ ಬಗ್ಗಿಸುತ್ತ ತೀರ್ಪು ಕೊಟ್ಟಳು. "ನೆಂಟರ ಮುಂದೆ ಹೊಗೆ ಬಂತೋ, ಆ ಕಾರು ಅಲ್ಲಿಂದ ಸೀದಾ ಗುಜರಿಗೆ. ನಾನು ಬಸ್ಸಲ್ಲಿ ಬರ್ತೀನಿ."

ತೈಸ್ತೊ ರೋಗನಿದಾನಕ್ಕೆ ಇಳಿದ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಡದ ಬಿಳಿಯಾದರೆ ಒಳಗೆ ನೀರು ಸೇರಿದೆ, ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಇಷ್ಟು ಅವನಿಗೆ ಗೊತ್ತು. ಆದರೆ ಭಯ ಹಿಡಿದ ಕಣ್ಣಿಗೆ ಮೂರೂ ಬಣ್ಣ ಒಟ್ಟಿಗೆ ಕಾಣತೊಡಗಿದವು. ಹೊರಗೆ ತಂತಿಯ ಮೇಲೆ ಇರ್ಮೆಲಿ ಒಗೆದು ಹಾಕಿದ್ದ ಹಾಸಿಗೆ ಬಟ್ಟೆ ಚಳಿಗೆ ಹಪ್ಪಳದಂತೆ ಸೆಟೆದು ನಿಂತಿತ್ತು. ಅದನ್ನೇ ತಂದು ಕೊಳವೆಯ ಹಿಂದೆ ಹಿಡಿದ. ಬಿಳಿಯ ಮೇಲೆ ನೀಲಿ ಸ್ಪಷ್ಟವಾಗಿ ಕಂಡಿತು. ಜೊತೆಗೆ ಬಟ್ಟೆಯ ಮೇಲೆ ಎಣ್ಣೆಯ ಚುಕ್ಕಿಗಳೂ ಮೂಡಿದವು. (ಆ ಬಟ್ಟೆಯನ್ನು ಅವನು ಎಲ್ಲಿ ಬಚ್ಚಿಟ್ಟ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಇರ್ಮೆಲಿಗೆ ಓದುವ ಅಭ್ಯಾಸವಿದೆ.)

ಇನ್ನು ಉಳಿದದ್ದು ಎಂಜಿನ್ನಿನ ಎದೆಗೆ ಕಿವಿ ಕೊಡುವುದು. ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತಡ, ಅಳೆಯುವ ಮೀಟರ್ ಇದ್ದದ್ದು ಭಾವಮೈದುನ ಕಲೆರ್ವೊನ ಹತ್ತಿರ. ಆದರೆ ಕಲೆರ್ವೊ ಆ ಕಾರಿನ ಮೇಲೆ ಕಣ್ಣಿಟ್ಟು ಎಷ್ಟೋ ಕಾಲವಾಗಿತ್ತು. ಅವನ ಹತ್ತಿರ ಹೋಗುವ ಬದಲು ತೈಸ್ತೊ ಗ್ರಂಥಾಲಯಕ್ಕೆ ಹೋಗಿ ಮೀಟರ್ ತಂದ. (ಊರ ಗ್ರಂಥಾಲಯದಲ್ಲಿ ಪುಸ್ತಕದ ಜೊತೆಗೆ ಡ್ರಿಲ್ಲು, ಏಣಿಗಳೂ ಸಿಗುತ್ತವೆ, ಓದದವರೂ ಬಂದು ಹೋಗಲಿ ಎಂದು.) ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಮೊದಲ ರಂಧ್ರಕ್ಕೆ ಮೀಟರ್ ತಿರುಪಿದ. ಕೀಲಿ ತಿರುಗಿಸಲು ಒಬ್ಬರು ಬೇಕಲ್ಲ, ಇರ್ಮೆಲಿಯನ್ನು ಕರೆದ. ಅವಳು ಉಣ್ಣೆಯ ಕಾಲುಚೀಲದಲ್ಲೇ ಬಂದು ಚಾಲಕನ ಸೀಟಿನಲ್ಲಿ ಕೂತಳು.

"ತಿರುಗಿಸು" ಎಂದ ತೈಸ್ತೊ. ಅವಳು ತಿರುಗಿಸಿದಳು. ಎಂಜಿನ್ ಗೊಕ್ ಗೊಕ್ ಎಂದಿತು. ಮುಳ್ಳು ಹನ್ನೆರಡರ ಹತ್ತಿರ ಹೋಗಬೇಕಾದದ್ದು ಆರಕ್ಕೇ ನಿಂತಿತು. ಎರಡನೆಯದರಲ್ಲೂ ಆರು. ಮೂರು, ನಾಲ್ಕನೆಯದರಲ್ಲೂ ಅಷ್ಟೇ. ಪ್ರತಿ ರಂಧ್ರಕ್ಕೂ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ. ಮುಳ್ಳು ಸ್ವಲ್ಪ ಮೇಲೆದ್ದಿತು. ಎಣ್ಣೆ ಬಿಟ್ಟಾಗ ಏರಿತೆಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ ಎಂದರ್ಥ. ಎಂಜಿನ್ ಪೂರ್ತಿ ಬಿಚ್ಚಬೇಕು. ಅಷ್ಟು ಹಳೆಯ ಕಾರಿಗೆ ಅದು ಮರಣದಂಡನೆಯೇ. ತೈಸ್ತೊ ಮೀಟರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಏನಂತೆ?" ಇರ್ಮೆಲಿ ಕೇಳಿದಳು.

"ಏನಿಲ್ಲ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಂಗಿದೆ?"

"ಚಳಿಗೆ."

ಆ ವಾರ ತೈಸ್ತೊನಿಗೆ ಅನ್ನ ನೀರು ರುಚಿಸಲಿಲ್ಲ. ತಪಾಸಣೆಯ ಅಂಗಳ, ನೀಲಿ ಹೊಗೆ, ದೊಡ್ಡಪ್ಪನ ಮಗನ ನಗು, ಆಮೇಲೆ ಕಾರನ್ನು ಕಚ್ಚಿ ಎತ್ತುವ ಗುಜರಿಯ ಕ್ರೇನು, ಇವೇ ಕಣ್ಣ ಮುಂದೆ. ತನ್ನ ಕಣ್ಣೆದುರು ಅದು ಸಾಯುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಕಲೆರ್ವೊಗೆ ಫೋನ್ ಮಾಡಿ, ಎಣ್ಣೆ ಬಿಟ್ಟೂ ಅಳೆದು ನೋಡಿದೆ, ರಿಂಗುಗಳು ಸವೆದಿವೆ, ಕಾರು ನಿನಗೇ ಇರಲಿ, ಬಿಡಿಭಾಗಕ್ಕಾದರೂ ಆದೀತು ಎಂದ. ಕಲೆರ್ವೊ ಅರ್ಧ ಗಂಟೆಯೊಳಗೆ ಟ್ರೇಲರ್ ಸಮೇತ ಬಂದ. ಕಾಗದಕ್ಕೆ ಸಹಿ ಹಾಕಿಸಿಕೊಂಡು, ಕಾರನ್ನು ಟ್ರೇಲರಿಗೆ ಏರಿಸಿ, ಕಾಫಿಯನ್ನೂ ಕುಡಿಯದೆ ಹೋದ. ಆ ಶನಿವಾರ ತೈಸ್ತೊ ಸೌನಾದಲ್ಲಿ ಬಹಳ ಹೊತ್ತು ಕೂತಿದ್ದ. ಮುಖದ ಮೇಲಿದ್ದದ್ದು ಬೆವರೇ ಎಂದು ಹೆಂಡತಿಗೆ ಹೇಳಿದ.

ತಪಾಸಣೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಪರಿಚಿತ ಸದ್ದು ಕೇಳಿಸಿತು. ಕಾರು! ಹಿಂದೆ ಹೊಗೆಯ ಸುಳಿವೂ ಇಲ್ಲ. ಕಲೆರ್ವೊ ಇಳಿದು ಬಂದ.

"ಭಾವ, ಹೋದ ಸಲ ಅಳೆದಾಗ ಎಷ್ಟು ಬಂತು?"

"ನಾಲ್ಕಕ್ಕೂ ಆರು" ಎಂದ ತೈಸ್ತೊ, ತೀರಿಕೊಂಡವರ ವಯಸ್ಸು ಹೇಳುವ ದನಿಯಲ್ಲಿ.

"ನಾಲ್ಕೂ ಮಾತಾಡಿಕೊಂಡು ಒಂದೇ ದಿನ ಸಾಯ್ತವಾ? ಅಳೆಯೋವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡೀಬೇಕು. ಇಲ್ಲದಿದ್ರೆ ಒಳಗೆ ಗಾಳಿನೇ ಹೋಗಲ್ಲ, ಮೂಗು ಮುಚ್ಚಿ ಉಸಿರು ಎಳಿ ಅಂದಂಗೆ. ನಾನು ಒತ್ತಿ ಅಳೆದೆ, ನಾಲ್ಕೂ ಹನ್ನೆರಡು. ಚಮಚ ಎಣ್ಣೆ ಬಿಟ್ರೆ ಯಾವ ಎಂಜಿನ್ನಲ್ಲೂ ಸ್ವಲ್ಪ ಏರತ್ತೆ ಭಾವ. ಇನ್ನು ಹೊಗೆ ಅಂದ್ರಾ? ಹೊಟ್ಟೆ ಬಿರಿಯೋ ಹಂಗೆ ಎಣ್ಣೆ ತುಂಬಿಸಿದ್ರಿ. ಹೆಚ್ಚಿನದ್ದು ಇಳಿಸಿದೆ, ನಿಂತುಹೋಯ್ತು."

ತೈಸ್ತೊ ಹೆಂಡತಿಯ ಕಡೆ ತಿರುಗಿದ. "ನೀನು ಪೆಡಲ್ ಒತ್ತಲಿಲ್ವಾ?"

"ನೀವು ಹೇಳೋ ತನಕ ಮುಟ್ಟಬೇಡ ಅಂದಿದ್ರಲ್ಲ" ಎಂದಳು ಇರ್ಮೆಲಿ. "ಕಾರು ಕೊಂಡಾಗಿಂದ ಕಾಯ್ತಾ ಇದ್ದೀನಿ. ಮೊನ್ನೆ ಅಳೆಯೋವಾಗಾದ್ರೂ ಹೇಳ್ತೀರೇನೋ ಅಂತ ಕಾಲು ಎತ್ತಿಕೊಂಡೇ ಕೂತಿದ್ದೆ."

ತೈಸ್ತೊನಿಗೆ ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು. ಕಾರು ಬದುಕಿತ್ತು. ಕೀಲಿಗಾಗಿ ಕೈ ಚಾಚಿದ. ಕಲೆರ್ವೊ ಆ ಕೈಯನ್ನು ದಾಟಿ ಕೀಲಿಯನ್ನು ಇರ್ಮೆಲಿಯ ಕೈಗೆ ಹಾಕಿದ.

"ತಗೋ ಅಕ್ಕ, ನಿನ್ನ ಹುಟ್ಟುಹಬ್ಬಕ್ಕೆ. ಇವತ್ತು ತಪಾಸಣೆಯಲ್ಲಿ ಪಾಸಾಯ್ತು. ಕಾಗದ ನಿನ್ನ ಹೆಸರಿಗೆ ಮಾಡಿಸಿದ್ದೀನಿ."

ಮರುದಿನ ಬೆಳಿಗ್ಗೆ ಇರ್ಮೆಲಿ ಬೂಟು ಹಾಕಿಕೊಂಡು ಚಾಲಕನ ಸೀಟಿನಲ್ಲಿ ಕೂತಳು. ತೈಸ್ತೊ ಜೀವ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತ. ಹೀಟರಿನ ತಂತಿ ಸಿಕ್ಕಿಸಲು ಅವಳು ಮರೆತಿದ್ದಳು, ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ಅವಳು ಕೀಲಿ ತಿರುಗಿಸಿ ಪೆಡಲನ್ನು ನೆಲಕ್ಕೆ ಹತ್ತುವ ತನಕ ಒತ್ತಿದಳು. ಎಂಜಿನ್ ಅರಚಿತು. ತೈಸ್ತೊ ಬಾಯಿ ತೆರೆದ.

"ರೀ," ಎಂದಳು ಇರ್ಮೆಲಿ ಕನ್ನಡಿ ಸರಿಪಡಿಸುತ್ತ, "ನಾನು ಹೇಳೋ ತನಕ ಬಾಯಿ ತೆಗೀಬೇಡಿ."

ತೈಸ್ತೊ ಬಾಯಿ ಮುಚ್ಚಿದ. ಅವಳು ಇನ್ನೂ ಹೇಳಿಲ್ಲ.