ಮುಚ್ಚಳದ ಅಳತೆಯ ರಸ್ತೆ

ನನ್ನ ಮಗನಿಗೆ ಒಂದೂವರೆ ವರ್ಷ. ಆಗಾಗ ಉಬ್ಬಸ ಬರುತ್ತದೆ. ಬಂದಾಗ ಅವನ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ತುಟಿ ಬಣ್ಣಗೆಡುತ್ತದೆ, ನಮ್ಮ ಕಾರು ಕೆಸರಿನಲ್ಲಿ ಹೂತುಕೊಳ್ಳುತ್ತದೆ. (ಮೂರೂ ಒಟ್ಟಿಗೇ.)

ಊರಾಚೆ ಮನೆ ಮಾಡೋಣ, ಮಗುವಿಗೆ ಒಳ್ಳೆಯ ಗಾಳಿ ಸಿಗುತ್ತದೆ ಎಂದವಳು ನಾನೇ. ಗಾಳಿ ಧಾರಾಳವಾಗಿ ಸಿಕ್ಕಿತು. ಗೇಟಿನಿಂದ ಬಾಗಿಲವರೆಗಿನ ನೂರಿಪ್ಪತ್ತು ಅಡಿಗೆ ರಸ್ತೆ ಸಿಗಲಿಲ್ಲ. ಕಳೆದ ಮಳೆಗಾಲದಲ್ಲಿ ಕಾರು ಗೇಟಿನ ಹತ್ತಿರ ಹೂತು, ಉಳಿದಷ್ಟು ದೂರ ಮಗುವನ್ನೆತ್ತಿಕೊಂಡು ಕೆಸರಿನಲ್ಲಿ ಓಡಿ, ಯಾರದೋ ವ್ಯಾನು ಹತ್ತಿ ಆಸ್ಪತ್ರೆ ಮುಟ್ಟಿದೆ. "ಇನ್ನು ಸ್ವಲ್ಪ ತಡವಾಗಿದ್ರೆ..." ಎಂದು ಡಾಕ್ಟರು ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಉಳಿದರ್ಧವನ್ನು ನಾನು ದಿನಕ್ಕೆ ಹತ್ತು ಬಗೆಯಲ್ಲಿ ಪೂರ್ತಿ ಮಾಡಿಕೊಳ್ಳುತ್ತಿದ್ದೆ.

"ಈ ಮಳೆಗೆ ಮುಂಚೆ ರಸ್ತೆ ಆಗ್ಲೇಬೇಕು ರೀ," ಎಂದೆ.

"ನಾನೇ ಮಾಡ್ತೀನಿ ಬಿಡು," ಎಂದರು ನನ್ನವರು. ಶಾಲೆಯಲ್ಲಿ ಭೂಗೋಳ ಕಲಿಸುವವರು. ಭೂಮಿ ತಮ್ಮ ಮಾತು ಕೇಳುತ್ತದೆಂದು ನಂಬಿದವರು. ರಜೆ ಶುರುವಾದೊಡನೆ ಪುಟ್ಟ ಟ್ರ್ಯಾಕ್ಟರೊಂದನ್ನು ಬಾಡಿಗೆಗೆ ತಂದರು. ಮುಂದೆ ಮಣ್ಣೆತ್ತುವ ಬಕೆಟ್ಟು, ಹಿಂದೆ ಮಣ್ಣು ಹರವುವ ಅಲಗು. ಮೊದಲ ದಿನವೇ ಮುಂದೆ ಹೋಗಬೇಕಾದವರು ಹಿಂದೆ ಹೋಗಿ, ಬಟ್ಟೆ ಒಣಹಾಕುವ ತಂತಿಯನ್ನು ಅದರ ಮೇಲಿದ್ದ ಮೂರು ಹೊದಿಕೆಗಳ ಸಮೇತ ಜಯಿಸಿಕೊಂಡು ಬಂದರು.

"ಬ್ರೇಕ್ ಎಲ್ಲಿದೆ ಅಂತ ಮೊದ್ಲು ನೋಡ್ಕೋಬಾರ್ದೇನೋ?" ಎಂದರು ಅತ್ತೆ.

"ಬ್ರೇಕ್ ಗೊತ್ತಿತ್ತಮ್ಮಾ. ನನ್ನ ಕಾಲು ಎಲ್ಲಿದೆ ಅಂತ ಮರೆತುಹೋಯ್ತು."

ಆದರೂ ಎರಡು ವಾರದಲ್ಲಿ ಮೇಲಿನ ಮೆದುಮಣ್ಣನ್ನೆಲ್ಲ ಕೆರೆದು ತೆಗೆದು, ತಳ ಸಮ ಮಾಡಿದರು. ಜಲ್ಲಿ ಲಾರಿಯವನು ಬಂದು ನೋಡಿ ತಲೆದೂಗಿದ. "ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಬೇಬಿ ಜಲ್ಲಿ, ಕಲ್ಲುಪುಡಿ. ಸಣ್ಣದು ಸಂದಿಗೆ ಇಳಿದು ಕಚ್ಕೊಂಡ್ರೆ ದಪ್ಪದ್ದು ಅಲ್ಲಾಡಲ್ಲ ಅಕ್ಕಾ."

"ಬೇಬಿ ಅಂದ್ರೆ ಎಷ್ಟು ದೊಡ್ಡದು?"

ಅವನು ಕಿರುಬೆರಳಿನ ತುದಿ ತೋರಿಸಿದ. "ಇಷ್ಟಿಷ್ಟೇ."

ನನ್ನ ಮಗನ ಗಂಟಲೂ ಇಷ್ಟೇ! ಈವರೆಗೆ ಅವನು ಬಾಯಿಗಿಟ್ಟುಕೊಂಡದ್ದು ಅಂಗಿಯ ಗುಂಡಿಗಳು, ಚಪ್ಪಲಿಯ ತುಂಡು, ಗಡಿಯಾರದ ಸೆಲ್ಲು. ಅಂಥವನ ಮುಂದೆ ಒಂದು ಲಾರಿ ಕಲ್ಲುಚೂರು ಸುರಿಯುವುದೇ? ನಾನು ಒಳಗೆ ಹೋಗಿ ಹಾಲಿನ ಬಾಟಲಿಯ ಮುಚ್ಚಳ ತಂದೆ.

"ಈ ಮುಚ್ಚಳದೊಳಗೆ ಹಿಡಿಯೋ ಒಂದು ಕಲ್ಲೂ ನಮ್ಮ ಅಂಗಳಕ್ಕೆ ಬರಬಾರದು."

ಲಾರಿಯವನು ಮುಚ್ಚಳ ನೋಡಿದ, ನನ್ನವರನ್ನು ನೋಡಿದ. "ಸಾರ್, ಬರೀ ದಪ್ಪ ಹಾಕಿದ್ರೆ ಚಕ್ರ ನಿಲ್ಲಲ್ಲ."

"ನನ್ನ ಮುಖ ಯಾಕಪ್ಪಾ ನೋಡ್ತೀಯಾ? ಲೋಕೋಪಯೋಗಿ ಇಲಾಖೆ ಅಲ್ಲಿ ನಿಂತಿದೆ."

ಬರೀ ದಪ್ಪ ಜಲ್ಲಿಯೇ ಬಂತು. ನನ್ನವರು ಟ್ರ್ಯಾಕ್ಟರಿನಲ್ಲಿ ಹರವುತ್ತಾ ಹೋದರು; ಹಿಂದೆಯೇ ನಾನು ಕುಕ್ಕರಗಾಲಿನಲ್ಲಿ ಮುಚ್ಚಳ ಹಿಡಿದು ಮೂರು ದಿನ ಅನುಮಾನದ ಕಲ್ಲುಗಳನ್ನೆಲ್ಲ ಅಳೆದೆ. ಮುಚ್ಚಳದೊಳಗೆ ಇಳಿದವು ಬೇಲಿಯಾಚೆಗೆ ಗಡೀಪಾರು.

"ಕಾಳು ಆರಿಸೋ ಹಾಗೆ ರಸ್ತೆ ಆರಿಸ್ತಿದ್ದೀಯಲ್ಲೇ ತಾಯಿ!" ಎಂದರು ಅತ್ತೆ.

"ಸಣ್ಣದು ಕಚ್ಕೋಬೇಕಂತೆ ಕಣೇ," ಎಂದು ನನ್ನವರು ಇನ್ನೊಮ್ಮೆ ಗೊಣಗಿದರು.

"ಗಂಟಲಲ್ಲಿ ಕಚ್ಕೊಂಡ್ರೆ?"

ಅವರು ಟ್ರ್ಯಾಕ್ಟರ್ ಹತ್ತಿದರು. (ವಾದದಲ್ಲಿ ಸೋತಾಗ ಹತ್ತಲು ಗಂಡಸರಿಗೊಂದು ವಾಹನ ಬೇಕು.)

ಮೊದಲ ಮಳೆ ಬಂದ ಮರುದಿನ ಬೆಳಿಗ್ಗೆ ಹತ್ತಕ್ಕೆ ಮಗನಿಗೆ ಉಬ್ಬಸ ಎದ್ದಿತು. ಪ್ರತಿ ಉಸಿರಿಗೂ ಎದೆಯೊಳಗಿಂದ ಶಿಳ್ಳೆ. ನಾವು ಕಾರು ಹತ್ತಿದೆವು. ಅರ್ಧದಾರಿಯಲ್ಲಿ, ನಾನು ಅಳೆದು ಪಾಸು ಮಾಡಿದ ಕಲ್ಲುಗಳು ಚಕ್ರದಡಿಯಿಂದ ಗೋಲಿಗಳಂತೆ ಅತ್ತಿತ್ತ ಸರಿದವು. ನನ್ನವರು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡಿತು. ಕಾರು ಹೊಟ್ಟೆ ಊರಿ ಕುಳಿತುಬಿಟ್ಟಿತು. ಕೆಸರಿನಲ್ಲಾದರೂ ಇದಕ್ಕಿಂತ ಮುಂದೆ ಹೋಗಿತ್ತು.

ಮಗುವನ್ನೆತ್ತಿಕೊಂಡು ಇಳಿದು ಓಡಿದೆ. ಆ ಕಲ್ಲುಗಳ ಮೇಲೆ ಓಡುವುದೆಂದರೇನು ಎಂದು ನಾನು ಯಾವ ಮುಚ್ಚಳದಿಂದಲೂ ಅಳೆದಿರಲಿಲ್ಲ. ನಾಲ್ಕನೆಯ ಹೆಜ್ಜೆಗೆ ಕಾಲು ಮಡಚಿಕೊಂಡು ಲಟ್ಟೆಂದಿತು. ಮಗುವನ್ನು ಎತ್ತಿ ಹಿಡಿದುಕೊಂಡೇ ಮೊಣಕಾಲೂರಿ ಬಿದ್ದೆ. ನನ್ನವರು ನನ್ನ ಕಡೆ ಬಾರದೆ ಟ್ರ್ಯಾಕ್ಟರಿನ ಕಡೆ ಓಡಿದರು. ಪಕ್ಕದ ಹುಲ್ಲಿನ ಮೇಲೆ ಅದನ್ನು ತಂದು ಬಕೆಟ್ಟನ್ನು ನೆಲಕ್ಕಿಳಿಸಿದರು.

"ಹತ್ತು!"

"ಎಲ್ಲಿಗೆ ರೀ?"

"ಬಕೆಟ್ಟಿಗೆ! ಒಂದೇ ಸೀಟು ಇರೋದು!"

ಹೀಗೆ ಎರಡು ಪದವಿಗಳ ಒಡತಿಯಾದ ನಾನು, ಮಣ್ಣು ಹೊರುವ ಬಕೆಟ್ಟಿನಲ್ಲಿ ಮಗುವನ್ನು ತಬ್ಬಿಕೊಂಡು, ಪೇಟೆಯ ನಡುವೆ ಮೆರವಣಿಗೆ ಹೋದೆ. ಸಿಗ್ನಲ್ಲಿನಲ್ಲಿ ನಿಂತವರು ಮೊಬೈಲು ಎತ್ತಿ ಹಿಡಿದರು. ನಾನು ಉಸಿರು ಎಣಿಸುತ್ತಿದ್ದೆ. ಆಸ್ಪತ್ರೆ ಕಾಣುವ ತಿರುವಿನಲ್ಲಿ ಶಿಳ್ಳೆ ನಿಂತಿತು. ಶಿಳ್ಳೆ ನಿಂತರೆ ಗುಣವಾಯಿತು ಎಂದಲ್ಲ. ಒಳಗೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ. ಅದನ್ನು ನಾನು ಓದಿ ತಿಳಿದಿದ್ದೆ. ಎಲ್ಲವನ್ನೂ ಓದಿ ತಿಳಿದಿದ್ದೆ.

ನರ್ಸು ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡೇ ಓಡಿದರು. ಒಂದು ಗಂಟೆಯ ನಂತರ ಅವನು ಮುಖದ ಮಾಸ್ಕನ್ನು ಎಳೆದು ಕಚ್ಚತೊಡಗಿದಾಗ ನಾನು ಮೊದಲ ಬಾರಿಗೆ ಅತ್ತುಬಿಟ್ಟೆ.

"ಇಷ್ಟು ತಡ ಯಾಕಾಯ್ತು?" ಡಾಕ್ಟರು ಕೇಳಿದರು.

ನನ್ನವರು ನೆಲ ನೋಡಿದರು. "ರಸ್ತೆ ಸರಿ ಇರ್ಲಿಲ್ಲ ಸಾರ್." ಯಾರ ರಸ್ತೆ ಎಂದು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಎರಡು ದಿನ ಒಂದೇ ಕೋಣೆಯಲ್ಲಿದ್ದೆವು: ಮಗ ಮಾಸ್ಕಿನೊಂದಿಗೆ, ನಾನು ಪ್ಲಾಸ್ಟರಿನೊಂದಿಗೆ. ಮೂರನೆಯ ದಿನ ಮನೆಗೆ ಮರಳುವಾಗ ಕಾರು ಗೇಟು ದಾಟಿ ಬಾಗಿಲವರೆಗೂ ಒಂದು ಕುಲುಕೂ ಇಲ್ಲದೆ ಬಂತು. ಕೆಳಗೆ ಕರಕರ ಎಂಬ ಸದ್ದು. ಅಂಗಳದ ತುಂಬ ಬೇಬಿ ಜಲ್ಲಿ!

"ಯಾರನ್ನ ಕೇಳಿ ಹಾಕ್ಸಿದ್ರಿ?"

"ನಾನು ಹಾಕ್ಸಿದ್ದು," ಎಂದರು ಅತ್ತೆ. "ನಾನೂ ಮೂರು ಮಕ್ಕಳನ್ನ ಸಾಕಿದೀನಿ. ಮೂರೂ ಕಲ್ಲುಮಣ್ಣು ತಿಂದವೇ. ಒಬ್ಬ ಮೇಷ್ಟ್ರಾದ, ಉಳಿದಿಬ್ರು ಚೆನ್ನಾಗಿದಾರೆ."

ಬಾಗಿಲ ಮುಂದೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲೇರಿಸಿ, ಅತ್ತೆ ಒಳಗೆ ಹೋದರು. ನನ್ನವರು ಟ್ರ್ಯಾಕ್ಟರಿನಲ್ಲಿ ಗೇಟಿನ ಬಳಿ ಕೊನೆಯ ರಾಶಿ ಹರವುತ್ತಿದ್ದರು. ಮಗ ಮೆಲ್ಲಗೆ ಅಂಗಳಕ್ಕಿಳಿದ. ಕುಳಿತ. ಒಂದು ಕಲ್ಲು ಎತ್ತಿಕೊಂಡ.

"ರೀ! ರೀ! ಕಲ್ಲು! ಅತ್ತೇ!" ಟ್ರ್ಯಾಕ್ಟರಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಪ್ಲಾಸ್ಟರಿನ ಕಾಲು ನನ್ನನ್ನು ಏಳಗೊಡಲಿಲ್ಲ. ಮಗ ಕಲ್ಲನ್ನು ತಿರುಗಿಸಿ ನೋಡಿದ, ನನ್ನನ್ನು ನೋಡಿದ. ಎದ್ದು ತೊನೆಯುತ್ತಾ ಬಂದು ನನ್ನ ಮಡಿಲು ಹತ್ತಿ, ದಿನವೂ ನಾನು ಅವನಿಗೆ ಉಣಿಸುವಷ್ಟೇ ಕಾಳಜಿಯಿಂದ ಕಲ್ಲನ್ನು ನನ್ನ ಬಾಯಿಯತ್ತ ಚಾಚಿದ.

"ಅಮ್ಮಾ, ಆ..."

ಕೂಗಲೆಂದು ತೆರೆದ ನನ್ನ ಬಾಯಿ ಇನ್ನೂ ತೆರೆದೇ ಇತ್ತು.