ಜಪಾನದ ಬಾಗಲಾ, ಅವ್ವನ ಚಹಾ

ತಡ ಆಗೋದು ನಮ್ಮ ಗಂಗಾವತ್ಯಾಗ ಯಾರಿಗೂ ಹೊಸಾದಲ್ಲ. ಕಾಲುವಿ ನೀರು ತಡ, ಕೊಪ್ಪಳ ಬಸ್ಸು ತಡ, ನಮ್ಮ ಸಾಲಿ ಹೊಸಾ ಬಿಲ್ಡಿಂಗಂತೂ ಕೇಳಬ್ಯಾಡ್ರಿ. ಆದ್ರ ಜಪಾನದಾಗ ಯಾರೋ ಚಿತ್ರಾ ಬರಿಯೋದು ತಡ ಮಾಡಿದ್ದಕ್ಕ ಗಂಗಾವತ್ಯಾಗ ಕುಂತು ಬೈಸಿಕೊಂಡಾಂವ ನಾನೊಬ್ಬನ ಇರಬೇಕು. ಅದೂ ನಾಕು ವರ್ಷ. ನಾನು ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ. ಬೈಯಾಕ ನಮ್ಮವ್ವಗ ಅಷ್ಟು ಸಾಕಾತು.

೧. ಹರಕಿ

ಶುರು ಮಾಡಿದಾಕಿ ನನ್ನ ಮಗಳು. ಕಾಲೇಜು ರಜಾದಾಗ ಟಿವಿಗೆ ಒಂದು ಅನಿಮೆ, ಅಂದ್ರ ಜಪಾನದವ್ರು ಚಿತ್ರಾ ಬರದು ಮಾಡೋ ಧಾರಾವಾಹಿ, ಹಚ್ಚಿದ್ಲು. ಅವ್ವ ಅಲ್ಲೇ ಅಕ್ಕಿ ಆರಿಸಿಕೋತ ಕುಂತಿದ್ಲು. ಕತಿ ಇಷ್ಟ: ಸಿಟ್ಟಿಲೆ ಮನಿ ಬಿಟ್ಟು ಹೋದ ಅಣ್ಣನ್ನ ಹುಡುಕ್ಕೊಂತ ಒಬ್ಬಾಕಿ ಹುಡುಗಿ ದೋಣ್ಯಾಗ ಏಳು ದ್ವೀಪ ತಿರಗತಾಳ. ಕೆಳಗ ಬರೋ ಇಂಗ್ಲಿಷ್ ಓದಿ ನಾನು ಅವ್ವಗ ಕನ್ನಡದಾಗ ಹೇಳಬೇಕು. ಮೂರು ಭಾಗ ಒಂದ ತಿಂಗಳದಾಗ ಮುಗಿದ್ವು. ಮೂರನೇದರ ಕಡೀಗೆ ಹುಡುಗಿ ಅಣ್ಣನ ಮನಿ ಮುಟ್ಟಿ, ಬಾಗಲಾ ಬಡ್ಯಾಕ ಕೈ ಎತ್ತಿದ್ಲು. ಕೈ ಅಲ್ಲೇ ನಿಂತತು, ಮುಗಿಯೋ ಹಾಡು ಬಂತು.

"ಅಣ್ಣ ಬಾಗಲಾ ತಗದ್ನೋ ಇಲ್ಲೋ?" ಅಂದ್ಲು ಅವ್ವ.

"ಮುಂದಿನ ವರ್ಷ ಗೊತ್ತಾಕ್ಕತವ್ವ."

ಅವ್ವ ಮೊರಾ ಕೆಳಗಿಟ್ಲು. ಆಕಿ ಮಾರಿ ಯಾಕ ಸಣ್ಣದಾತು ಅಂತ ನನಗ ಗೊತ್ತಿತ್ತು. ಆಕಿ ಅಣ್ಣ, ಅಂದ್ರ ನಮ್ಮ ಮಾವ, ಇಲ್ಲೇ ಸಾಣಾಪುರದಾಗ ಇದ್ದ. ಹತ್ತು ವರ್ಷದ ಹಿಂದ ಅವನ ಮನ್ಯಾಗ ಕುಂತು ಅವ್ವ, "ಚಹಾಕ್ಕ ಸಕ್ರಿ ಕಡಿಮಿ ಆಗೇತಿ" ಅಂದಿದ್ಲು. ಅಂವ, "ನಮ್ಮ ಮನ್ಯಾಗ ಇಷ್ಟ, ಬೇಕಾದ್ರ ಕುಡಿ" ಅಂದಿದ್ದ. ಅವ್ವ ಕಪ್ಪು ಅಲ್ಲೇ ಇಟ್ಟು ಬಸ್ ಹತ್ತಿದ್ಲು. ಅಷ್ಟ ನೋಡ್ರಿ. ಆವತ್ತಿನಿಂದ ಅಣ್ಣ-ತಂಗಿ ಮಾತಿಲ್ಲ.

ಮರುದಿನ ಅವ್ವ ಹೇಮಗುಡ್ಡಕ್ಕ ಹೋಗಿ ದುರ್ಗಮ್ಮಗ ಹರಕಿ ಹೊತ್ತು ಬಂದ್ಲು. ಆ ಹುಡುಗಿಗೆ ಬಾಗಲಾ ತಗದ ದಿನ ತಾನೂ ಅಣ್ಣನ ಮನಿಗೆ ಹೋಗಿ ಚಹಾ ಕುಡಿಯೋದು, ಅಲ್ಲೀ ತನಕ ಚಹಾ ಮುಟ್ಟಂಗಿಲ್ಲ. ದಿನಕ್ಕ ಆರು ಕಪ್ಪು ಕುಡಿಯೋ ಹೆಣಮಗಳು.

"ವರ್ಷಗಟ್ಲೆ ತಡೀತೀ ಏನವ್ವ?" ಅಂದೆ.

"ಆಕಿ ಏಳು ದ್ವೀಪ ತಿರಗ್ಯಾಳ, ನನಗೇನು ಧಾಡಿ" ಅಂದ್ಲು. ಆವತ್ತ ಸಂಜಿ ನಾಕಕ್ಕ ತಲಿಗೆ ವಸ್ತ್ರ ಬಿಗದು ಮಲಗಿದ್ಲು.

೨. ಆಳು ಹಚ್ಚೋದು

ವರ್ಷ ಆತು. ಜಪಾನದವ್ರು ಇನ್ನೂ ಬರ್ಯಾಕತ್ತೀವಿ ಅಂದ್ರು. "ಒಂದೊಂದು ಸೆಕೆಂಡಿಗೂ ಎಷ್ಟೋ ಚಿತ್ರಾ ಬರೀಬೇಕವ್ವ, ಕೆಲಸಾ ಭಾಳ, ಮಂದಿ ಕಡಿಮಿ" ಅಂತ ತಿಳಿಸಿ ಹೇಳಿದೆ.

ನಮ್ಮವ್ವ ಮೂವತ್ತು ವರ್ಷ ಗದ್ದ್ಯಾಗ ನಿಂತು ನಾಟಿ ಹಚ್ಚಿಸಿದಾಕಿ. "ಕಾಲುವಿಗೆ ನೀರು ಬಿಟ್ಟ ಮ್ಯಾಲೆ ಮಂದಿ ಇಲ್ಲ ಅಂದ್ರ ಕೇಳತಾರೇನು? ಬಾಜೂ ಊರಿಂದ ಎರಡು ಗಾಡಿ ಆಳು ತರಸಬೇಕು. ಆ ಮಾಲಕಗ ಅಷ್ಟೂ ತಿಳ್ಯಾಂಗಿಲ್ಲಾ?" ಅಂದ್ಲು. ಆಮ್ಯಾಲೆ ನನ್ನ ಕಡೆ ತಿರುಗಿದ್ಲು. "ನೀನರ ಏನು ಮಾಡ್ತೀ? ಇಪ್ಪತ್ತು ವರ್ಷ ಮಾಸ್ತರಕಿ ಮಾಡೀದಿ, ಹೋಗಿ ಒಂದು ಬಾಗಲಾ ಬರದು ಕೊಡು."

ಅವ್ವನ ತಲಿನೋವು ನೋಡಾಕ ಆಗದ, ಎರಡು ದಿನ ಕುಂತು ಬರದೆ. ಬಾಗಲಾ ತಗದೈತಿ, ಅಣ್ಣ ನಕ್ಕೋತ ನಿಂತಾನ. ಜಪಾನದಿಂದ ಬಂದೈತಿ ಅಂತ ಅವ್ವನ ಮುಂದ ಇಟ್ಟೆ. ಚಾಳೀಸು ಹಾಕ್ಕೊಂಡು ಭಾಳ ಹೊತ್ತು ನೋಡಿದ್ಲು.

"ಏನಪಾ, ಜಪಾನದಾಗೂ ನಮ್ಮ ಬಚ್ಚಲದ ಚಿಲಕಾನ ಹಾಕ್ತಾರೇನು?"

೩. ಕನ್ಯಾ

ಮೂರನೇ ವರ್ಷ 'ಕಡೀ ಭಾಗ' ಬಂತು. ನೋಡಿದ್ರ ಅದು ಕಡೀ ಭಾಗದ ಮೊದಲನೇ ಭಾಗ. ಹನ್ನೆರಡು ಕಂತೂ ಹುಡುಗಿ ಕೈ ಎತ್ತಿಕೊಂಡ ನಿಂತು ತನ್ನ ಸಣ್ಣಂದಿನ ದಿನಾ ನೆನಸಿದ್ಲು. "ಕೈ ಸೋಲಂಗಿಲ್ಲೇನು ಇಕಿಗೆ?" ಅಂದ್ಲು ಅವ್ವ.

ಅದ ವರ್ಷ ನಮ್ಮ ಚಿಕ್ಕಪ್ಪನ ಮಗಗ ಕನ್ಯಾ ನೋಡಾಕ ಯಲಬುರ್ಗಾಕ್ಕ ಹೋದ್ವಿ. ಹುಡುಗಿ ಛಲೋ ಇದ್ಲು, ಮಂದಿ ಛಲೋ ಇದ್ರು. ಚಹಾ ಬಂತು. ಅವ್ವ ಹಿರ್ಯಾಕಿ, ಮೊದಲು ಆಕಿಗೇ ಹಿಡದ್ರು. ಅವ್ವ ತಾಟು ಹಿಂದಕ್ಕ ಸರಿಸಿದ್ಲು. ನಮ್ಮ ಕಡೆ ಇಂಥಾ ಹೊತ್ತಿನ್ಯಾಗ ಹಿರ್ಯಾರು ಚಹಾ ಮುಟ್ಟಲಿಲ್ಲ ಅಂದ್ರ ಸಂಬಂಧ ಬ್ಯಾಡ ಅಂತನ ಅರ್ಥ. ಹುಡುಗಿ ಒಳಗ ಹೋದ್ಲು. ನಾನು ಗಾಬರಿ ಬಿದ್ದು ದ್ವೀಪ, ದೋಣಿ, ಬಾಗಲಾ ಎಲ್ಲಾ ಹೇಳಿದೆ.

ಹುಡುಗಿ ಅಪ್ಪ ಸಮಾಧಾನಲೆ ಕೇಳಿದ್ರು. ಆಮ್ಯಾಲೆ, "ಬ್ಯಾಡಾದ್ರ ಬ್ಯಾಡ ಅನ್ರಿ ಮಾಸ್ತರ, ಅದಕ್ಕ ಜಪಾನ್ ಯಾಕ ಬೇಕು?" ಅಂದ್ರು.

ಆ ಹುಡುಗಿ ಈಗ ಕುಷ್ಟಗ್ಯಾಗ ಸುಖದಾಗ ಅದಾಳ. ನಮ್ಮ ತಮ್ಮ ಟಿವಿ ಹಚ್ಚಿದ್ರ ಇವತ್ತಿಗೂ ಎದ್ದು ಹೋಗ್ತಾನ.

೪. ಮಜ್ಜಿಗಿ

ಇದನ್ನ ಹೇಳಾಕ ನನಗ ಮನಸಿಲ್ಲ, ಆದ್ರ ಹೇಳಲಾರದ ಮುಂದಿಂದು ತಿಳ್ಯಾಂಗಿಲ್ಲ. ನಾಕನೇ ವರ್ಷ ನಾಗರಪಂಚಮಿಗೆ ಸಾಣಾಪುರದಿಂದ ಮಾವ ತಾನಾಗೇ ಹೇಳಿ ಕಳಿಸಿದ. "ತಂಗೀನ ಹಬ್ಬಕ್ಕ ಕಳಸು" ಅಂತ. ಅವ್ವ ಟ್ರಂಕು ತಗದು ಸೀರಿ ಹೊರಗಿಟ್ಲು. ಆಮ್ಯಾಲೆ ಕುಂತಲ್ಲೇ ಕುಂತ್ಲು. ಚಹಾ ಕುಡದ್ರ ದುರ್ಗಮ್ಮಗ ತಪ್ಪಿದಂಗ, ಕುಡೀಲಿಲ್ಲ ಅಂದ್ರ ಅಣ್ಣಗ ಎರಡನೇ ಸಲ ಅವಮಾನ.

"ಮಜ್ಜಿಗಿ ಕುಡಿ" ಅಂದೆ.

"ಚಹಾದ ಸಲುವಾಗಿ ಬಿಟ್ಟ ಮನಿಗೆ ಮಜ್ಜಿಗಿ ಕುಡ್ಯಾಕ ಹೋಗ್ಲೇನು?"

ನಾನು ಫೋನಿನ್ಯಾಗ ನೋಡಿದೆ. ದೀಪಾವಳಿ ಹೊತ್ತಿಗೆ ಕಡೀ ಕಂತು ಅಂತ ಹಾಕಿದ್ರು. "ಇನ್ನ ಮೂರು ತಿಂಗಳವ್ವ, ದೀಪಾವಳಿಗೆ ಹೋಗೂಣು" ಅಂದೆ. ಸೀರಿ ಮತ್ತ ಟ್ರಂಕಿಗೆ ಹೋತು. ದೀಪಾವಳಿ ಬಂತು. ಚಿತ್ರಾ ಇನ್ನೂ ಛಲೋ ಆಗಬೇಕು ಅಂತ ಜಪಾನದವ್ರು ಮತ್ತ ಮುಂದಕ್ಕ ಹಾಕಿದ್ರು. ಹಬ್ಬ ಆಗಿ ಎಂಟು ದಿನಕ್ಕ ಮಾವ ತೀರಿಕೊಂಡ.

ಪಂಚಮಿ ದಿನ 'ಬಾಗಲಾ ತಗದೈತವ್ವ, ನಡಿ' ಅಂತ ಒಂದು ಸುಳ್ಳು ಹೇಳಿದ್ರ ಸಾಕಿತ್ತು. ಬ್ಯಾಡಾದಾಗ ಸುಳ್ಳು ಬರದು ಸಿಕ್ಕಿಬಿದ್ದೆ, ಬೇಕಾದಾಗ ಬಾಯಿ ಬರಲಿಲ್ಲ. ಅದು ಇವತ್ತಿಗೂ ನನ್ನ ಹೊಟ್ಟ್ಯಾಗ ಐತಿ.

ಮಣ್ಣು ಮುಗಿಸಿ ಬಂದ ಮ್ಯಾಲೆ ಬಾಜೂ ಮನ್ಯಾವ್ರು ಎಲ್ಲಾರಿಗೂ ಚಹಾ ತಂದ್ರು. ಅವ್ವ ಕಪ್ಪು ಸರಿಸಿದ್ಲು. ನಮ್ಮತ್ತಿ, ಮಾವನ ಹೆಂಡ್ತಿ, ಅಳೋದು ನಿಲ್ಲಿಸಿ ನೋಡಿದ್ಲು. "ಇವತ್ತೂ ಕುಡ್ಯಾಂಗಿಲ್ಲೇನವಾ?" ಅಂದ್ಲು. ಆ ಮನ್ಯಾಗ ಜಪಾನದ ಹೆಸರು ತಗಿಯೋ ಧೈರ್ಯ ನನಗಾಗಲಿಲ್ಲ.

೫. ಸಕ್ರಿ

ಮೂರು ತಿಂಗಳಿಗೆ ಕಡೀ ಕಂತು ಬಂತು. ಐತವಾರ ಮುಂಜಾನೆ ಅವ್ವ ಜಳಕಾ ಮಾಡಿ ಟಿವಿ ಮುಂದ ಕುಂತ್ಲು. ಹುಡುಗಿ ಬಾಗಲಾ ಬಡದ್ಲು. ಬಾಗಲಾ ತಗೀತು. ಅಣ್ಣನ ಕೂದಲಾ ಬೆಳ್ಳಗಾಗಿದ್ದವು. "ಬಾ" ಅಂದ. ಮುಗೀತು.

"ಈ ಒಂದ ಮಾತಿಗೆ ನಾಕು ವರ್ಷ ಬೇಕಿತ್ತಾ?" ಅಂತ ನನ್ನ ಮಗಳು ಸಿಟ್ಟಾದ್ಲು.

"ಬೈಬ್ಯಾಡ" ಅಂದ್ಲು ಅವ್ವ. "ಅವರೂ ತಡ ಮಾಡಿದ್ರು, ನಾನೂ ತಡ ಮಾಡಿದೆ. ಅವರದರ ಮುಗೀತು." ಹೋಗಿ ಟ್ರಂಕು ತಗದ್ಲು.

ಸಾಣಾಪುರದಾಗ ಅತ್ತಿ ಏನೂ ಕೇಳಲಿಲ್ಲ, ಸೀದಾ ಒಲಿ ಹಚ್ಚಿದ್ಲು. ನನಗೂ ಒಂದು ಕಪ್ಪು ಬಂತು. ಒಂದು ಗುಟುಕು ತಗೊಂಡೆ, ನುಂಗಾಕಾಗಲಿಲ್ಲ. ಚಹಾ ಅಲ್ಲದು, ಪಾಕ.

"ನಿಮ್ಮಣ್ಣ ಹೇಳಿಟ್ಟು ಹೋಗ್ಯಾರವಾ" ಅಂದ್ಲು ಅತ್ತಿ. "ತಂಗಿ ಬಂದ್ರ ಐದು ಚಮಚ ಹಾಕು, ಮತ್ತ ಎದ್ದು ಹೋದಾಳು ಅಂದಿದ್ರು."

ಅವ್ವನ ಕಣ್ಣಾಗ ನೀರು ಇಳೀತು. ಒರಸ್ಕೊಳ್ಳಲಿಲ್ಲ. ಗುಟುಕು ಗುಟುಕು ಕುಡದ್ಲು, ತಳದಾಗ ಉಳದಿದ್ದ ಸಕ್ರಿ ಬೆರಳಿಲೆ ತಗದು ಬಾಯಿಗೆ ಹಾಕ್ಕೊಂಡ್ಲು.

"ಸಕ್ರಿ ಬರೊಬ್ಬರಿ ಆತೇನು?" ಅಂತ ಅತ್ತಿ ಅಂಜಿಕೋತನ ಕೇಳಿದ್ಲು.

"ಒಂದೀಟು ಕಡಿಮಿನ ಆತು ಅತ್ತಿಗಿ" ಅಂದ್ಲು ಅವ್ವ. ಈ ಸಲ ಕಪ್ಪು ಕೆಳಗಿಡಲಿಲ್ಲ, ಮುಂದಕ್ಕ ಹಿಡದ್ಲು. "ಇನ್ನೊಂದು ಕಪ್ಪು ಮಾಡು."